ಬೋರ್ಡು ಕನ್ನಡವಾಯಿತು, ಸಹಿ ಹಾಕುವ ಕಾಗದ ಯಾವಾಗ?



ಅಂಗಡಿ ಬೋರ್ಡಿನ ಶೇಕಡ 60 ಭಾಗ ಕನ್ನಡದಲ್ಲಿರಬೇಕು ಅಂತ 2024ರಲ್ಲಿ ಕಾನೂನಾಯಿತು. ಅದಕ್ಕಾಗಿ ಬೀದಿಗಿಳಿದವರಿಗೆ, ಜೈಲು ಸೇರಿದವರಿಗೆ ನನ್ನ ನಮಸ್ಕಾರ. ಬೋರ್ಡು ಬರೆಯುವವನೂ ಪ್ರಿಂಟು ಹಾಕುವವನೂ ಒಂದೇ ಕಸುಬಿನ ಅಣ್ಣತಮ್ಮಂದಿರು. ನಮಗೂ ನಾಲ್ಕು ಕಾಸು ಸಿಕ್ಕಿತು. ಇಲ್ಲ ಅನ್ನುವುದಿಲ್ಲ.

ಆದರೆ ಒಂದು ಮಾತು ಕೇಳುತ್ತೇನೆ, ಉತ್ತರ ಕೊಡಿ. ಆಸ್ಪತ್ರೆಯ ಹೊರಗಿನ ಬೋರ್ಡು ಕನ್ನಡದಲ್ಲಿದೆ. ಒಳಗೆ ಹೋದ ಮೇಲೆ "ಇಲ್ಲಿ ಸಹಿ ಹಾಕಿ" ಅಂತ ಮುಂದಿಡುತ್ತಾರಲ್ಲ, ಆ ಕಾಗದ ಯಾವ ಭಾಷೆಯಲ್ಲಿದೆ? ಕನ್ನಡದಲ್ಲಿದ್ದರೂ ಅದು ಯಾರ ಕನ್ನಡ? ಬೈಂದೂರಿನ ತಾಯಿಗೆ ಅರ್ಥವಾಗುವ ಕನ್ನಡವೋ, ನಿಘಂಟು ಎದುರಿಗಿಟ್ಟುಕೊಂಡು ಹೊಸೆದ ಕನ್ನಡವೋ?

ಬೋರ್ಡು ಓದಲು ಬಾರದಿದ್ದರೆ ಪಕ್ಕದ ಅಂಗಡಿಯಲ್ಲಿ ಕೇಳಬಹುದು. ಈ ಕಾಗದ ಓದಲು ಬಾರದಿದ್ದರೆ ಮಗುವಿನ ಜೀವದ ವ್ಯವಹಾರ. ಅದರಲ್ಲೂ ಆ ಕಾಗದ ಹೊಸ ಔಷಧಿಯ ಪರೀಕ್ಷೆಗೆ ಒಪ್ಪಿಗೆ ಕೇಳುವ ಕಾಗದವಾಗಿದ್ದರೆ ಕೇಳುವುದೇ ಬೇಡ. ಇವತ್ತು ನಾನು ಬರೆಯುತ್ತಿರುವುದು ಆ ಕಾಗದದ ವಿಷಯ. ಗಾಳಿಯಲ್ಲಿ ಮಾತಾಡುವುದು ಬೇಡ ಅಂತ ಒಂದು ಕಾಯಿಲೆಯನ್ನೇ ಹಿಡಿದುಕೊಂಡು ಹೇಳುತ್ತೇನೆ.

ವಿಲ್ಸನ್ ಕಾಯಿಲೆ ಅಂದರೆ ಎಂತದ್ದು?

ನಾವು ತಿನ್ನುವ ಅನ್ನ, ಮೀನು, ಗೋಡಂಬಿ ಎಲ್ಲದರಲ್ಲೂ ಚೂರುಚೂರು ತಾಮ್ರ ಇರುತ್ತದೆ. ಮೈಗೆ ಅದು ಸ್ವಲ್ಪ ಬೇಕು. ಹೆಚ್ಚಾದದ್ದನ್ನು ಲಿವರ್ ಪಿತ್ತರಸದ ಜೊತೆ ಹೊರಗೆ ಹಾಕುತ್ತದೆ. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಆ ಕೆಲಸ ಮಾಡುವ ಜೀನ್ ಕೆಟ್ಟಿರುತ್ತದೆ. ತಾಮ್ರ ಹೊರಗೆ ಹೋಗುವುದಿಲ್ಲ. ಮೊದಲು ಲಿವರ್‌ನಲ್ಲಿ ತುಂಬುತ್ತದೆ, ಆಮೇಲೆ ಮೆದುಳಿಗೆ, ಕಣ್ಣಿಗೆ ಹೋಗಿ ಕೂರುತ್ತದೆ. ಕಣ್ಣಿನ ಕರಿಗುಡ್ಡೆಯ ಸುತ್ತ ಕಂದು ಉಂಗುರ ಮೂಡುತ್ತದೆ. ಲಂಡನ್ನಿನಲ್ಲಿದ್ದ ಕಿನ್ನಿಯರ್ ವಿಲ್ಸನ್ ಎಂಬ ವೈದ್ಯ 1912ರಲ್ಲಿ ಇದನ್ನು ವಿವರವಾಗಿ ಬರೆದ. ಅವನ ಹೆಸರೇ ಉಳಿಯಿತು. ಕೆಡುವ ಜೀನ್ ಯಾವುದು ಅಂತ ಗೊತ್ತಾಗಿದ್ದು 1993ರಲ್ಲಿ.

ಸುಮಾರು 30,000 ಜನರಲ್ಲಿ ಒಬ್ಬರಿಗೆ ಬರುವ ಕಾಯಿಲೆ ಅಂತ ಲೆಕ್ಕ. ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಕೆಟ್ಟ ಜೀನ್ ಇರಬೇಕು. ಅವರಿಗೆ ಏನೂ ಆಗಿರುವುದಿಲ್ಲ. ಆದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಸಾಧ್ಯತೆ. ಸೋದರತ್ತೆ ಮಗ, ಸೋದರಮಾವನ ಮಗಳು ಅಂತ ಹತ್ತಿರದ ಸಂಬಂಧದಲ್ಲೇ ಮದುವೆ ಮಾಡುವ ನಮ್ಮ ಕಡೆ ಅದೇ ಕೆಟ್ಟ ಜೀನ್ ಎರಡೂ ಕಡೆಯಿಂದ ಬಂದು ಸೇರುವ ಸಂಭವ ಹೆಚ್ಚು. ಒಂದು ಮಗುವಿಗೆ ಇದೆ ಅಂತ ಗೊತ್ತಾದರೆ ಅದರ ಅಣ್ಣ ತಂಗಿಯರನ್ನೆಲ್ಲ ಪರೀಕ್ಷೆ ಮಾಡಿಸಲೇಬೇಕು.

ನಮ್ಮೂರಲ್ಲಿ ಏನಾಗುತ್ತದೆ? ಕಣ್ಣು ಹಳದಿಯಾದರೆ ಕಾಮಾಲೆ ಅಂತ ನೆಲನೆಲ್ಲಿ ಅರೆದು ಕುಡಿಸುತ್ತಾರೆ. ಕೈ ನಡುಗಿದರೆ, ಮಾತು ತೊದಲಿದರೆ, ಬಾಯಲ್ಲಿ ಜೊಲ್ಲು ಸೋರಿದರೆ, ಚೆಂದ ಬರೆಯುತ್ತಿದ್ದ ಹುಡುಗನ ಅಕ್ಷರ ಕೆಟ್ಟರೆ ಉಪದ್ರ ಅಂತ ದರ್ಶನ ಕೇಳಲು ಹೋಗುತ್ತಾರೆ. ನಂಬಿಕೆಯನ್ನು ಹಳಿಯಲು ನಾನು ಬರೆಯುತ್ತಿಲ್ಲ. ದೈವಕ್ಕೆ ಕೈಮುಗಿದು, ರಕ್ತ ಮತ್ತು ಮೂತ್ರದ ತಾಮ್ರ ಪರೀಕ್ಷೆಗೂ ಕರೆದುಕೊಂಡು ಹೋಗಿ ಅನ್ನುತ್ತೇನೆ, ಅಷ್ಟೆ. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಮೂರು ದಶಕದಲ್ಲಿ ತಾವು ನೋಡಿದ 282 ವಿಲ್ಸನ್ ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು. ಅದರಲ್ಲಿ ಹತ್ತಕ್ಕೆ ಸುಮಾರು ಏಳು ಮಂದಿ ನರದ ತೊಂದರೆಯಿಂದಲೇ ಬಂದವರು. ನರದ ಆಸ್ಪತ್ರೆಯಾದ್ದರಿಂದ ಅಂಥವರು ಹೆಚ್ಚು ಬಂದಿರಬಹುದು. ಆದರೂ ಕೈನಡುಕವನ್ನು ಸುಮ್ಮನೆ ಬಿಡಬಾರದು ಅನ್ನಲು ಇಷ್ಟು ಸಾಕು.

ಒಳ್ಳೆಯ ಸುದ್ದಿಯೂ ಇದೆ. ಹುಟ್ಟಿನಿಂದ ಬರುವ ಕಾಯಿಲೆಗಳಲ್ಲಿ ಔಷಧಿ ಇರುವುದು ಕೆಲವಕ್ಕೆ ಮಾತ್ರ. ಅವುಗಳಲ್ಲಿ ಇದೂ ಒಂದು. ಜಾನ್ ವಾಲ್ಷ್ ಎಂಬ ಇಂಗ್ಲೆಂಡಿನ ವೈದ್ಯ 1956ರಲ್ಲಿ ಪೆನಿಸಿಲಮಿನ್ ಎಂಬ ಮದ್ದು ಮೈಯ ತಾಮ್ರವನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ ಅಂತ ತೋರಿಸಿದ. ರೋಗಿಗೆ ಕೊಡುವ ಮೊದಲು ತಾನೇ ನುಂಗಿ ನೋಡಿದ! ಆಮೇಲೆ ಟ್ರಯೆಂಟಿನ್ ಬಂತು, ಸತುವಿನ ಗುಳಿಗೆ ಬಂತು. ಬೇಗ ಹಿಡಿದು, ತಪ್ಪದೆ ಜೀವನಪೂರ್ತಿ ತೆಗೆದುಕೊಂಡರೆ ಓದಬಹುದು, ದುಡಿಯಬಹುದು, ಮದುವೆಯಾಗಬಹುದು. ಮದ್ದು ನಿಲ್ಲಿಸಿದರೆ ಮಾತ್ರ ಲಿವರ್ ಒಮ್ಮೆಲೇ ಕೈಕೊಟ್ಟು ಜೀವ ಹೋಗಬಹುದು. ಈ ಮಾತು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಹೊಸ ಔಷಧಿ ಯಾಕೆ ಬೇಕು?

ಮದ್ದು ಇದೆ ಅಂದ ಮೇಲೆ ಹೊಸದನ್ನು ಯಾಕೆ ಪರೀಕ್ಷೆ ಮಾಡಬೇಕು ಅಂತ ಕೇಳಬಹುದು. ಕಾರಣ ಇದೆ. ಪೆನಿಸಿಲಮಿನ್ ಕೆಲವರಿಗೆ ಒಗ್ಗುವುದಿಲ್ಲ. ನರದ ತೊಂದರೆ ಇರುವ ಕೆಲವರಲ್ಲಿ ಅದನ್ನು ಶುರು ಮಾಡಿದ ಮೇಲೆ ನಡುಕ ಇನ್ನೂ ಹೆಚ್ಚಾಗುತ್ತದೆ. ಇನ್ನೊಂದು ಸಂಗತಿ ಬೆಲೆ. ವಿದೇಶದಿಂದ ತರಿಸಿದ ಟ್ರಯೆಂಟಿನ್‌ಗೆ ವರ್ಷಕ್ಕೆ 2.2 ಕೋಟಿ ರೂಪಾಯಿ ಆಗುತ್ತಿತ್ತು. ನಮ್ಮ ದೇಶದ ಕಂಪನಿ ತಯಾರಿಸಿದ ಮೇಲೆ ಅದು 2.2 ಲಕ್ಷಕ್ಕೆ ಇಳಿಯಿತು ಅಂತ 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೇಳಿತು. ನೂರರಲ್ಲಿ ಒಂದು ಪಾಲು!

ಪರೀಕ್ಷೆ ಅಂದ ಕೂಡಲೆ ನಮ್ಮ ಮಕ್ಕಳನ್ನು ಇಲಿ ಮಾಡುತ್ತಾರೆ ಅಂತ ಕೂಗುವವರ ಸಾಲಿನಲ್ಲಿ ನಾನಿಲ್ಲ. ಟೈರೋಸಿನೀಮಿಯಾ ಅಂತ ಇನ್ನೊಂದು ವಂಶದ ಲಿವರ್ ಕಾಯಿಲೆ ಇದೆ. ಹಸುಗೂಸುಗಳನ್ನೇ ತಿನ್ನುವಂಥದ್ದು. ಅದಕ್ಕೆ ಇವತ್ತು ಕೊಡುವ ನಿಟಿಸಿನೋನ್ ಮೊದಲು ಮನುಷ್ಯರ ಮದ್ದೇ ಅಲ್ಲ. ಬಾಟಲ್ ಬ್ರಶ್ ಗಿಡದ ಅಡಿಯಲ್ಲಿ ಕಳೆ ಹುಟ್ಟುವುದಿಲ್ಲ ಅಂತ ಕಂಡವರು ಕಳೆನಾಶಕ ಮಾಡಲು ಹೊರಟಾಗ ಬಂದ ಕುಟುಂಬದ ವಸ್ತು ಅದು. ಸ್ವೀಡನ್ನಿನ ವೈದ್ಯರು ಅದನ್ನು ಐದು ರೋಗಿಗಳಿಗೆ ಕೊಟ್ಟು 1992ರಲ್ಲಿ ವರದಿ ಬರೆದರು. ಹತ್ತು ವರ್ಷದ ಮೇಲೆ, 2002ರಲ್ಲಿ, ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಯಾವುದೋ ಐದು ಮನೆಯವರು ಅವತ್ತು ಒಪ್ಪಿಗೆ ಕೊಡದಿದ್ದರೆ ಇವತ್ತು ಎಷ್ಟೋ ತೊಟ್ಟಿಲು ಖಾಲಿ. ಪರೀಕ್ಷೆ ಬೇಕು. ಅದರ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಒಪ್ಪಿಗೆ ಕೇಳುವ ರೀತಿಯ ಬಗ್ಗೆ.

ಪರೀಕ್ಷೆ ಬೇರೆ, ಚಿಕಿತ್ಸೆ ಬೇರೆ

ಮೊದಲ ಗೊಂದಲ ಇಲ್ಲೇ ಹುಟ್ಟುವುದು. ದೊಡ್ಡ ಆಸ್ಪತ್ರೆ, ದೊಡ್ಡ ಡಾಕ್ಟರು, ಹೊಸ ಮದ್ದು, ಅದೂ ಉಚಿತ. ನಮ್ಮವರ ತಲೆಯಲ್ಲಿ ಇದು "ಒಳ್ಳೆ ಟ್ರೀಟ್‌ಮೆಂಟ್" ಅಂತಲೇ ಕೂರುತ್ತದೆ. ಅಲ್ಲ ಮಾರಾಯ್ರೆ! ಆ ಮದ್ದು ಒಳ್ಳೆಯದೋ ಕೆಟ್ಟದ್ದೋ ಇನ್ನೂ ಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ಪರೀಕ್ಷೆ.

ಒಂದು ಉದಾಹರಣೆ ನೋಡಿ. ಟೆಟ್ರಾಥಯೊಮಾಲಿಬ್ಡೇಟ್ ಅಂತ ಒಂದು ವಸ್ತು. ಉಚ್ಚಾರ ಮಾಡಲು ಹೋಗಿ ನಾಲಿಗೆ ಕಚ್ಚಿಕೊಳ್ಳಬೇಡಿ. ಮಾಲಿಬ್ಡಿನಂ ಹೆಚ್ಚಿರುವ ಹುಲ್ಲು ಮೇಯ್ದ ದನಗಳಿಗೆ ತಾಮ್ರದ ಕೊರತೆ ಬರುತ್ತದೆ ಅಂತ ಮೊದಲೇ ಗೊತ್ತಿತ್ತು. ಹಾಗಾದರೆ ತಾಮ್ರ ಹೆಚ್ಚಾದ ಮನುಷ್ಯರಿಗೆ ಇದೇ ಮದ್ದಾಗಬಹುದಲ್ಲ? ಅಮೆರಿಕದ ಮಿಶಿಗನ್‌ನಲ್ಲಿ ಜಾರ್ಜ್ ಬ್ರೂವರ್ ಎಂಬ ವೈದ್ಯ ಇದರ ಹಿಂದೆ ವರ್ಷಗಟ್ಟಲೆ ದುಡಿದ. ಆಮೇಲೆ ಇದರದೇ ಇನ್ನೊಂದು ರೂಪವನ್ನು ಸ್ವೀಡನ್ನಿನ ಒಂದು ಕಂಪನಿ ಕೈಗೆತ್ತಿಕೊಂಡಿತು. ಆ ಕಂಪನಿಯನ್ನು 2018ರಲ್ಲಿ ಅಲೆಕ್ಸಿಯಾನ್ ಕೊಂಡಿತು. ಅಲೆಕ್ಸಿಯಾನನ್ನು 2021ರಲ್ಲಿ ಆಸ್ಟ್ರಾಜೆನೆಕಾ ಕೊಂಡಿತು. ಹಳೆಯ ಮದ್ದುಗಳ ಜೊತೆ ಹೋಲಿಸಿ 48 ವಾರದ ದೊಡ್ಡ ಪರೀಕ್ಷೆ ನಡೆಯಿತು. ಗುರಿ ಮುಟ್ಟಿದೆವು ಅಂತ 2021ರಲ್ಲಿ ಘೋಷಣೆ. ಎಲ್ಲರೂ ಚಪ್ಪಾಳೆ ಹೊಡೆದರು. ಮುಂದಿನ ಪರೀಕ್ಷೆಗಳ ಫಲಿತಾಂಶ ನೋಡಿ, ಔಷಧ ನಿಯಂತ್ರಕರ ಜೊತೆ ಮಾತಾಡಿದ ಮೇಲೆ 2023ರಲ್ಲಿ ಅದೇ ಕಂಪನಿ ಅದನ್ನು ಕೈಬಿಟ್ಟಿತು! 2024ರಲ್ಲಿ ಅಮೆರಿಕದ ಮೊನೊಪಾರ್ ಎಂಬ ಇನ್ನೊಂದು ಕಂಪನಿ ಅದರ ಹಕ್ಕು ಪಡೆಯಿತು.

ಇದರಲ್ಲಿ ಮೋಸ ಇದೆ ಅಂತ ನಾನು ಹೇಳುತ್ತಿಲ್ಲ. ಪರೀಕ್ಷೆ ಅಂದರೆ ಹೀಗೆಯೇ. ಬರುತ್ತದೆ, ಹೋಗುತ್ತದೆ, ಕೈ ಬದಲಾಗುತ್ತದೆ. ಆದರೆ ಸಹಿ ಹಾಕುವ ತಾಯಿಗೆ ಇದು ಮೊದಲೇ ಗೊತ್ತಿರಬೇಕೋ ಬೇಡವೋ? "ಈ ಔಷಧಿ ನಾಳೆ ನಿಂತುಹೋಗಬಹುದು. ನಿಂತರೆ ನಿಮ್ಮ ಮಗನಿಗೆ ಹಳೆಯ ಮದ್ದು ಹೀಗೆ ಶುರು ಮಾಡುತ್ತೇವೆ" ಅಂತ ಎರಡು ಸಾಲು ಅವಳ ಭಾಷೆಯಲ್ಲಿ ಬರೆದಿರಬೇಕೋ ಬೇಡವೋ? ಮದ್ದೇ ಇಲ್ಲದ ಕಾಯಿಲೆಯವರಿಗೆ ಕಳೆದುಕೊಳ್ಳಲು ಕಡಿಮೆ. ವಿಲ್ಸನ್ ಕಾಯಿಲೆಯವರ ಕೈಯಲ್ಲಿ ಕೆಲಸ ಮಾಡುವ ಮದ್ದಿದೆ. ಅದನ್ನು ಬಿಟ್ಟು ಬರುತ್ತೀರಾ ಅಂತ ಕೇಳುವಾಗ ಬಿಡಿಸಿ ಹೇಳಬೇಕು.

ನನ್ನ ಟೇಬಲ್ಲಿಗೆ ಬಂದ ಕಾಗದ

ಕುಂದಾಪುರದಲ್ಲಿ ನನ್ನದು ಸಣ್ಣ ಪ್ರೆಸ್ಸು. ಮದುವೆ ಕಾಗದ, ರಶೀದಿ ಪುಸ್ತಕ, ಮೇಳದ ಆಟದ ಹ್ಯಾಂಡ್‌ಬಿಲ್ಲು ಇವೇ ನನ್ನ ಅನ್ನ. ಓದಿದ್ದು ಪಿಯುಸಿ. ಎರಡು ವರ್ಷದ ಹಿಂದೆ ಬೈಂದೂರು ಕಡೆಯ ಒಬ್ಬ ಹೆಂಗಸು ಒಂದು ಕಾಗದದ ಕಟ್ಟು ತಂದು, ಅಕ್ಷರ ದೊಡ್ಡ ಮಾಡಿ ಜೆರಾಕ್ಸ್ ಮಾಡಿಕೊಡಿ ಅಂದರು. ಹನ್ನೆರಡು ಪುಟ. ಮಗನ ಲಿವರ್ ಕಾಯಿಲೆಗೆ ಹೊಸ ಮದ್ದಿನ ಪರೀಕ್ಷೆ. ಯಾವ ಊರು, ಯಾವ ಆಸ್ಪತ್ರೆ ಅನ್ನುವುದು ಇಲ್ಲಿ ಬೇಡ. ಕಾಗದ ಕನ್ನಡದಲ್ಲೇ ಇತ್ತು, ಸುಳ್ಳು ಯಾಕೆ ಹೇಳಲಿ.

ಆದರೆ ಎಂಥ ಕನ್ನಡ! "ಅಧ್ಯಯನ ಸಹಭಾಗಿಗಳನ್ನು ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು." "ಪ್ರತಿಕೂಲ ಘಟನೆಗಳು ಸಂಭವಿಸಿದಲ್ಲಿ ಪ್ರಾಯೋಜಕರಿಗೆ ವರದಿ ಮಾಡಲಾಗುವುದು." ಒಂದೇ ಅಂಗಕ್ಕೆ ಮೂರು ಹೆಸರು. ಎರಡನೇ ಪುಟದಲ್ಲಿ ಯಕೃತ್ತು, ಐದನೇ ಪುಟದಲ್ಲಿ ಪಿತ್ತಜನಕಾಂಗ, ಎಂಟರಲ್ಲಿ ಪಿತ್ತಕೋಶ. ಪಿತ್ತಕೋಶ ಅಂದರೆ ಲಿವರ್ ಅಲ್ಲ, ಪಿತ್ತ ತುಂಬುವ ಚೀಲ! ಅಕ್ಷರವೋ, ಎಂಟು ಪಾಯಿಂಟ್. ಮದುವೆ ಕಾಗದದಲ್ಲಿ ಎಂಟು ಪಾಯಿಂಟ್ ಇಟ್ಟರೆ ಗಿರಾಕಿ ಮುಖಕ್ಕೆ ಎಸೆದು ಹೋಗುತ್ತಾನೆ.

"ಇದ್ರಗ್ ಎಂತ ಇತ್ತ್?" ಅಂತ ಕೇಳಿದರು. ಆಮೇಲೆ ಅವರೇ ಮೂರು ಪ್ರಶ್ನೆ ಕೇಳಿದರು. ಈಗ ಕೊಡುವ ಗುಳಿಗೆ ನಿಲ್ಲಿಸುತ್ತಾರಾ? ಮಗನಿಗೆ ಏನಾದರೂ ಆದರೆ ಖರ್ಚು ಯಾರದ್ದು? ಬೇಡ ಅಂದರೆ ಆ ಆಸ್ಪತ್ರೆಯಲ್ಲಿ ಮಾಮೂಲಿ ಚಿಕಿತ್ಸೆಯೂ ತಪ್ಪುತ್ತದಾ?

ಲಕ್ಷ ರೂಪಾಯಿಯ ಪ್ರಶ್ನೆಗಳು. ಹನ್ನೆರಡು ಪುಟ ಹುಡುಕಿದೆ. ಉತ್ತರಗಳು ಇದ್ದವು, ಆದರೆ ಹುಲ್ಲುಕುತ್ತರಿಯಲ್ಲಿ ಸೂಜಿ ಇದ್ದ ಹಾಗೆ. ಖರ್ಚಿನ ಮಾತು ಒಂಬತ್ತನೇ ಪುಟದ ಒಂದು ವಾಕ್ಯದ ಬಾಲದಲ್ಲಿತ್ತು. ಆ ಮೂರು ಪ್ರಶ್ನೆಯನ್ನು ದೊಡ್ಡಕ್ಷರದಲ್ಲಿ ಒಂದೇ ಹಾಳೆಯಲ್ಲಿ ಬರೆದುಕೊಟ್ಟು, ಇದಕ್ಕೆ ಉತ್ತರ ಬರೆಸಿಕೊಂಡೇ ಪೆನ್ನು ಹಿಡಿಯಿರಿ ಅಂದೆ. ಒಪ್ಪುವುದು ಬಿಡುವುದು ಅವರ ತೀರ್ಮಾನ. ಅದರಲ್ಲಿ ನಾನು ಬಾಯಿ ಹಾಕುವವನಲ್ಲ.

ಕಾನೂನು ನಮ್ಮ ಕಡೆಗೇ ಇದೆ

ಯುವಕರೆ, ಇದನ್ನು ಬಾಯಿಪಾಠ ಮಾಡಿಕೊಳ್ಳಿ. ನಾವು ಭಿಕ್ಷೆ ಕೇಳುತ್ತಿಲ್ಲ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಅಂತ ಕೇಂದ್ರದ ನಿಯಮ ಇದೆ. ಪರೀಕ್ಷೆಗೆ ಒಳಗಾಗುವವರಿಗೆ ಅರ್ಥವಾಗುವ ಭಾಷೆಯಲ್ಲಿ, ತಾಂತ್ರಿಕವಲ್ಲದ ಮಾತಿನಲ್ಲಿ ಮಾಹಿತಿ ಕೊಡಬೇಕು ಅಂತ ಅದರಲ್ಲೇ ಬರೆದಿದೆ. ಓದಲು ಬಾರದವರಾದರೆ ಒಪ್ಪಿಗೆಯ ಮಾತುಕತೆ ಮುಗಿಯುವವರೆಗೂ ಒಬ್ಬ ನಿಷ್ಪಕ್ಷಪಾತ ಸಾಕ್ಷಿ ಕೂತಿರಬೇಕು. ಮಾಹಿತಿ ಪತ್ರದ ಮತ್ತು ಸಹಿಯಾದ ಕಾಗದದ ಪ್ರತಿಯನ್ನು ರೋಗಿಯ ಕೈಗೆ ಕೊಡಬೇಕು. ಯಾವಾಗ ಬೇಕಾದರೂ ಹೊರಗೆ ಬರಬಹುದು. ಬಂದರೆ ಮಾಮೂಲಿ ಚಿಕಿತ್ಸೆ ತಪ್ಪಬಾರದು.

ಪರೀಕ್ಷೆಯ ಕಾಲದಲ್ಲಿ ತೊಂದರೆಯಾದರೆ ಉಚಿತ ಚಿಕಿತ್ಸೆ ಪ್ರಾಯೋಜಕರ ಜವಾಬ್ದಾರಿ. ಅಗತ್ಯ ಇರುವವರೆಗೆ, ಇಲ್ಲವೇ ತೊಂದರೆಗೂ ಪರೀಕ್ಷೆಗೂ ಸಂಬಂಧವಿಲ್ಲ ಅಂತ ಸಾಬೀತಾಗುವವರೆಗೆ. ಪರೀಕ್ಷೆಯಿಂದಲೇ ಆದ ತೊಂದರೆಗೆ ಪರಿಹಾರವೂ ಉಂಟು. ಈಗಾಗಲೇ ಇರುವ ಒಳ್ಳೆಯ ಚಿಕಿತ್ಸೆಯನ್ನು ಯೋಜನೆಯ ಪ್ರಕಾರ ಕೊಡದೆ ತಪ್ಪಿಸಿ ಹಾನಿಯಾದರೂ ಪರಿಹಾರದ ಲೆಕ್ಕಕ್ಕೆ ಬರುತ್ತದೆ. ವಿಲ್ಸನ್ ಕಾಯಿಲೆಯವರು ಈ ಮಾತಿಗೆ ಗೆರೆ ಎಳೆದುಕೊಳ್ಳಿ. ಪರೀಕ್ಷೆ ಮುಗಿದ ಮೇಲೂ ಮದ್ದು ಪುಕ್ಕಟೆ ಸಿಗುತ್ತದೆ ಅಂತ ನಂಬಿ ಕೂರಬೇಡಿ. ನಿಯಮದಲ್ಲಿ ಅದಕ್ಕೆ ಷರತ್ತುಗಳಿವೆ. ಬೇರೆ ಚಿಕಿತ್ಸೆ ಇಲ್ಲದಿರಬೇಕು ಅನ್ನುವುದು ಅದರಲ್ಲಿ ಒಂದು.

ಈ ನಿಯಮಗಳು ಸುಮ್ಮನೆ ಬರಲಿಲ್ಲ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಹೆಣ್ಣುಮಕ್ಕಳಿಗೆ ಹಾಕುವ ಯೋಜನೆ ನಡೆಯಿತು. 2010ರಲ್ಲಿ ನಿಲ್ಲಿಸಿದರು. ಸತ್ತ ಹುಡುಗಿಯರ ಸಾವಿಗೆ ಲಸಿಕೆ ಕಾರಣವಲ್ಲ ಅಂತ ತನಿಖೆ ಹೇಳಿತು, ಅದು ಬೇರೆ ಮಾತು. ಆದರೆ ಒಪ್ಪಿಗೆ ಪತ್ರಗಳ ಕಥೆ ನೋಡಿ. ಸಂಸತ್ತಿನ ಸ್ಥಾಯಿ ಸಮಿತಿಯ 2013ರ ವರದಿ ಪ್ರಕಾರ ಆಂಧ್ರದ 9,543 ಪತ್ರಗಳಲ್ಲಿ 1,948 ಹೆಬ್ಬೆಟ್ಟು. 2,763 ಪತ್ರಗಳಿಗೆ ಸಹಿ ಹಾಕಿದ್ದು ಹಾಸ್ಟೆಲ್ ವಾರ್ಡನ್‌ಗಳು! ಮಗು ಯಾರದ್ದು, ಸಹಿ ಯಾರದ್ದು? ಅದೇ 2013ರಲ್ಲಿ ಇಂದೋರಿನ ಸ್ವಾಸ್ಥ್ಯ ಅಧಿಕಾರ ಮಂಚ್ ಹೂಡಿದ್ದ ಕೇಸಿನಲ್ಲಿ ಒಪ್ಪಿಗೆ ಪಡೆಯುವುದನ್ನು ವಿಡಿಯೋ ಮಾಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. 2015ರಲ್ಲಿ ಅದನ್ನು ಹೊಸ ರಾಸಾಯನಿಕ ವಸ್ತುಗಳ ಪರೀಕ್ಷೆಗೂ, ಅದರಲ್ಲಿ ದುರ್ಬಲ ಸ್ಥಿತಿಯವರಿಗೂ ಮಾತ್ರ ಅಂತ ಕಿರಿದು ಮಾಡಿದರು. ಕೋರ್ಟು ತೆರೆದ ಬಾಗಿಲನ್ನು ಸರ್ಕಾರ ಅರ್ಧ ಮುಚ್ಚಿತು.

ಇಷ್ಟೆಲ್ಲ ಇದ್ದೂ "ಅರ್ಥವಾಗುವ ಭಾಷೆ" ಅನ್ನುವುದನ್ನು ಅಳೆಯುವವರು ಯಾರು? ಆಸ್ಪತ್ರೆಯ ನೀತಿ ಸಮಿತಿ. ಅದರಲ್ಲಿ ಕನಿಷ್ಠ ಏಳು ಜನ ಇರಬೇಕು. ಅರ್ಧದಷ್ಟು ಹೊರಗಿನವರು. ಒಬ್ಬರು ಕಾನೂನು ಬಲ್ಲವರು, ಒಬ್ಬರಾದರೂ ಮಹಿಳೆ, ಒಬ್ಬರು ಸಾಮಾನ್ಯ ಜನ. ಕೇಳಿದಿರಾ? ಸಾಮಾನ್ಯ ಜನ! ಡಾಕ್ಟರಲ್ಲದ, ವಿಜ್ಞಾನಿಯಲ್ಲದ ನಮ್ಮ ನಿಮ್ಮಂಥವರಿಗೆ ಕಾನೂನೇ ಒಂದು ಕುರ್ಚಿ ಇಟ್ಟಿದೆ. ಕನ್ನಡದ ಎಷ್ಟು ಸಂಘಟನೆಗಳು ಆ ಕುರ್ಚಿಯ ಬಗ್ಗೆ ಕೇಳಿವೆ?

ಕನ್ನಡಕ್ಕೆ ಆಗದು ಅನ್ನುವವರಿಗೆ

ವಿಜ್ಞಾನಕ್ಕೆ ಕನ್ನಡದಲ್ಲಿ ಪದ ಇಲ್ಲ ಅಂತ ಯಾರಾದರೂ ರಾಗ ತೆಗೆದರೆ ಕೋಟದ ಕಡೆ ಕೈ ತೋರಿಸಿ. ಈಗ ಬ್ರಹ್ಮಾವರ ತಾಲೂಕಿಗೆ ಸೇರಿದ ಆ ಊರಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಮಕ್ಕಳಿಗೆ 'ಬಾಲಪ್ರಪಂಚ', ದೊಡ್ಡವರಿಗೆ 'ವಿಜ್ಞಾನ ಪ್ರಪಂಚ' ಬರೆದರು. ಒಂದಲ್ಲ, ಸಂಪುಟಗಟ್ಟಲೆ. ಕೊರತೆ ಇರುವುದು ಪದಗಳಿಗಲ್ಲ, ಓದುವವರು ಯಾರು ಅಂತ ಯೋಚಿಸುವ ಮನಸ್ಸಿಗೆ.

ಯಾದೃಚ್ಛಿಕ ಅಂತ ಯಾಕೆ ಬರೆಯಬೇಕು? "ಚೀಟಿ ಎತ್ತಿದ ಹಾಗೆ. ನಿಮ್ಮ ಮಗನಿಗೆ ಹೊಸ ಮದ್ದು ಬರಬಹುದು, ಹಳೆ ಮದ್ದೇ ಬರಬಹುದು. ಡಾಕ್ಟರೂ ಆರಿಸುವ ಹಾಗಿಲ್ಲ." ಮುಗಿಯಿತಲ್ಲ! ಪ್ಲಸೀಬೊ ಅಂದರೆ "ಮದ್ದಿನ ಹಾಗೆ ಕಾಣುವ, ಮದ್ದಿಲ್ಲದ ಗುಳಿಗೆ". ಪ್ರತಿಕೂಲ ಘಟನೆ ಅಂದರೆ "ಮದ್ದು ತೆಗೆದುಕೊಳ್ಳುವಾಗ ಆಗುವ ತೊಂದರೆ". ಲಿವರ್‌ಗೆ ಲಿವರ್ ಅನ್ನಿ. ಕೊಲ್ಲೂರಿನಿಂದ ಸಾಲಿಗ್ರಾಮದವರೆಗೆ ಎಲ್ಲ ಅಜ್ಜಿಯರಿಗೂ ಗೊತ್ತು.

ಇನ್ನೊಂದು ಸೂಕ್ಷ್ಮ ಇದೆ. ಪುಸ್ತಕದ ಕನ್ನಡದಲ್ಲಿ "ಇತ್ತು" ಅಂದರೆ ಹಿಂದೆ ಇದ್ದದ್ದು. ನಮ್ಮ ಕುಂದಗನ್ನಡದಲ್ಲಿ "ಇತ್ತ್" ಅಂದರೆ ಈಗ ಇರುವುದು. "ಹ್ಯಾಂಗಿತ್ತ್?" ಅಂದರೆ ಹೇಗಿದೆ ಅಂತ. ಬೆಂಗಳೂರಿನಲ್ಲಿ ಡಾಕ್ಟರು "ಮೊದಲು ನೋವು ಇತ್ತಾ?" ಅಂತ ಕೇಳಿದರೆ, ಆಸಾಡಿ ಅಮಾವಾಸ್ಯೆಗೆ ಕುಂದಾಪ್ರ ಕನ್ನಡ ದಿನ ಆಚರಿಸುವ ಊರಿನ ಮುದುಕಿ ಈಗಿನ ನೋವಿನ ಲೆಕ್ಕ ಹೇಳಬಹುದು. ಒಂದೇ ಭಾಷೆಯ ಒಳಗೇ ಇಷ್ಟು ಅಂತರ ಇರುವಾಗ, ದೆಹಲಿಯಲ್ಲೋ ಹೈದರಾಬಾದಿನಲ್ಲೋ ಕೂತು ಕಂಪ್ಯೂಟರಿನಿಂದ ಅನುವಾದ ಮಾಡಿಸಿದ ಕಾಗದ ಇಲ್ಲಿ ಏನು ಅರ್ಥವಾಗುತ್ತದೆ?

"ಕಾಗದ ಬಿಡಿ, ನಾವು ಬಾಯಲ್ಲೇ ಎಲ್ಲ ಹೇಳುತ್ತೇವೆ" ಅನ್ನುವ ಡಾಕ್ಟರುಗಳಿದ್ದಾರೆ. ಬಹಳ ಮಂದಿ ಒಳ್ಳೆಯ ಮನಸ್ಸಿನಿಂದಲೇ ಅನ್ನುತ್ತಾರೆ. ಹೇಳಲಿ, ಹೇಳಲೇಬೇಕು. ತಾಳಮದ್ದಳೆಯಲ್ಲಿ ಭಾಗವತರು ಪದ್ಯ ಹೇಳಿದ ಮೇಲೆ ಅರ್ಥಧಾರಿ ಬಿಡಿಸಿ ಹೇಳುವುದಿಲ್ಲವೇ? ಹಾಗೆ. ಆದರೆ ನಾಳೆ ಜಗಳ ಬಂದರೆ ಕೋರ್ಟಿನಲ್ಲಿ ನಿಲ್ಲುವುದು ಬಾಯಿಮಾತಲ್ಲ, ಸಹಿ ಬಿದ್ದ ಕಾಗದ. ಇಷ್ಟು ಪ್ರಶ್ನೆ ಕೇಳಿದರೆ ಪರೀಕ್ಷೆಗಳೇ ಬೇರೆ ರಾಜ್ಯಕ್ಕೆ ಹೋಗುತ್ತವೆ ಅಂತ ಹೆದರಿಸುವವರೂ ಇದ್ದಾರೆ. ನಿಯಮ ಇಡೀ ದೇಶಕ್ಕೆ ಒಂದೇ. ತಿಳಿದು ಒಪ್ಪಿದವನು ಅರ್ಧದಲ್ಲಿ ಹೆದರಿ ಓಡುವುದಿಲ್ಲ. ತಿಳಿಯದೆ ಸಹಿ ಹಾಕಿದವನೇ ಮೊದಲ ಜ್ವರಕ್ಕೆ ಬಸ್ಸು ಹತ್ತಿ ಊರಿಗೆ ಬರುವವನು. ಅರ್ಥವಾಗುವ ಕನ್ನಡ ಕಂಪನಿಗೂ ಲಾಭವೇ.

ಈಗ ನಿಮ್ಮ ಕೆಲಸ

ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯಲ್ಲಿ ಓದುವ, ದುಡಿಯುವ ಹುಡುಗ ಹುಡುಗಿಯರೆ, ಊರಿನಿಂದ ರಾತ್ರಿ ಬಸ್ಸಿನಲ್ಲಿ ರೋಗಿಯನ್ನು ಕರೆತಂದವರು ಮೊದಲು ಫೋನು ಮಾಡುವುದು ನಿಮಗೇ. ಆಸ್ಪತ್ರೆಯ ಕ್ಯೂನಲ್ಲಿ ನಿಲ್ಲುವವರು ನೀವೇ. ಬಾವುಟ ಹಿಡಿಯುವ ಕೈಯಲ್ಲಿ ಒಂದು ದಿನ ಆ ಕಾಗದವನ್ನೂ ಹಿಡಿಯಿರಿ.

ಯಾರಾದರೂ ಔಷಧಿ ಪರೀಕ್ಷೆಗೆ ಸಹಿ ಕೇಳಿದರೆ ಅಲ್ಲೇ ಹಾಕಿಸಬೇಡಿ. ಮನೆಗೆ ತನ್ನಿ. ಗಟ್ಟಿಯಾಗಿ ಓದಿ. ಅರ್ಥವಾಗದ ಪದಕ್ಕೆಲ್ಲ ಗೆರೆ ಎಳೆಯಿರಿ. ಈಗಿನ ಮದ್ದು ಏನಾಗುತ್ತದೆ, ತೊಂದರೆಯಾದರೆ ಯಾರ ಖರ್ಚು, ಬೇಡ ಅಂದರೆ ಏನು, ಪರೀಕ್ಷೆ ಮುಗಿದ ಮೇಲೆ ಏನು, ಈ ನಾಲ್ಕಕ್ಕೆ ಉತ್ತರ ಕನ್ನಡದಲ್ಲಿ ಬರೆಸಿಕೊಳ್ಳಿ. ಏಳು ವರ್ಷ ದಾಟಿದ ಮಗುವಾದರೆ ಅದಕ್ಕೂ ತಿಳಿಯುವ ಹಾಗೆ ಹೇಳಿ ಅದರ ಒಪ್ಪಿಗೆಯನ್ನೂ ಕೇಳಬೇಕು ಅಂತ ಐಸಿಎಂಆರ್‌ನ 2017ರ ಮಾರ್ಗಸೂಚಿ ಇದೆ. ಪರೀಕ್ಷೆ ನೋಂದಣಿಯಾಗಿದೆಯೇ ಅಂತ ಸಿಟಿಆರ್‌ಐ ಪಟ್ಟಿಯಲ್ಲಿ ನೋಡಿ. 2009ರಿಂದ ಅದು ಕಡ್ಡಾಯ. ಪಟ್ಟಿ ಇರುವುದು ಇಂಗ್ಲಿಷಿನಲ್ಲಿ. ಅದನ್ನು ಓದಿ ಹೇಳುವುದೂ ನಿಮ್ಮ ಕೆಲಸವೇ. ಮತ್ತೊಂದು ಮಾತು. ಈ ಲೇಖನ ಓದಿ ಯಾರೂ ಈಗ ನುಂಗುತ್ತಿರುವ ಮದ್ದು ನಿಲ್ಲಿಸಬೇಡಿ. ಪರೀಕ್ಷೆಗೆ ಬೇಡ ಅನ್ನಿ ಅಂತಲೂ ನಾನು ಹೇಳಿಲ್ಲ.

ಸಂಘಟನೆಗಳಿಗೆ ನನ್ನ ಬೇಡಿಕೆ ಇಷ್ಟು. ರಾಜ್ಯದ ಯಾವ ಆಸ್ಪತ್ರೆಯಲ್ಲೇ ಆಗಲಿ, ನೀತಿ ಸಮಿತಿ ಕನ್ನಡದ ಒಪ್ಪಿಗೆ ಪತ್ರಕ್ಕೆ ಮುದ್ರೆ ಒತ್ತುವ ಮೊದಲು ಅದನ್ನು ಐದಾರು ಮಾಮೂಲಿ ಜನರಿಂದ ಓದಿಸಬೇಕು. ಒಬ್ಬ ಮೀನುಗಾರ, ಒಬ್ಬ ಬೀಡಿ ಕಟ್ಟುವ ಹೆಂಗಸು, ಒಬ್ಬ ಬೇಕರಿ ಹುಡುಗ. ಅವರು ತಿರುಗಿ ತಮ್ಮ ಮಾತಿನಲ್ಲಿ ಹೇಳಿದರೆ ಪಾಸು, ಇಲ್ಲದಿದ್ದರೆ ವಾಪಸು. ಮೊದಲ ಪುಟದಲ್ಲಿ ಆ ನಾಲ್ಕು ಉತ್ತರ. ಅಕ್ಷರ ಹದಿನಾಲ್ಕು ಪಾಯಿಂಟಿಗಿಂತ ಕಡಿಮೆ ಬೇಡ. ಒಂದು ವಸ್ತುವಿಗೆ ಒಂದೇ ಹೆಸರು. ಸರ್ಕಾರಿ ಡಾಕ್ಟರು ಕನ್ನಡದಲ್ಲಿ ಚೀಟಿ ಬರೆಯಲಿ ಅಂತ ಕನ್ನಡ ಅಭಿವೃದ್ಧಿ ಪ್ರಾಧಿಕಾರ 2024ರಲ್ಲಿ ಕೇಳಿತು. ಒಳ್ಳೆಯದೇ. ಆದರೆ ಚೀಟಿ ಓದುವವನು ಮೆಡಿಕಲ್ ಶಾಪಿನವನು. ಒಪ್ಪಿಗೆ ಪತ್ರ ಓದಬೇಕಾದವಳು ತಾಯಿ. ಮೊದಲು ಯಾವುದಾಗಬೇಕು ನೀವೇ ಹೇಳಿ.

ಡಾಕ್ಟರು ಕೇರಳದವರಿರಲಿ, ದೆಹಲಿಯವರಿರಲಿ, ಅವರು ನಮ್ಮ ಶತ್ರುವಲ್ಲ. ಗಲಾಟೆ ಬೇಡ, ಕಲ್ಲು ಬೇಡ. ಅರ್ಜಿ ಸಾಕು, ಹಟ ಬೇಕು. ಒಪ್ಪುವುದಕ್ಕೂ ಬೇಡ ಅನ್ನುವುದಕ್ಕೂ ಮೊದಲು ತಿಳಿಯಬೇಕು. ತಿಳಿಯದೆ ಹಾಕಿಸಿಕೊಂಡ ಸಹಿ ಒಪ್ಪಿಗೆಯಲ್ಲ, ಬರೀ ಶಾಯಿ. ಶಾಯಿಯ ಬೆಲೆ ಎಷ್ಟು ಅಂತ ಪ್ರೆಸ್ಸಿನವನಿಗೆ ಗೊತ್ತು.